ಸೋಮಯ್ಯನ ಒಣಗಿದ ಫ್ಲಾಸ್ಕು

ವಯಸ್ಸಾದ ಮೇಲೆ ಮೊಣಕಾಲು ಮಡಚುವುದಿಲ್ಲ, ಹಲ್ಲಿಗೆ ಕಡಲೆ ಒಡೆಯುವುದಿಲ್ಲ. ಹೊಟ್ಟೆಕಿಚ್ಚಿಗೆ ಮಾತ್ರ ಮುಪ್ಪೆಂಬುದಿಲ್ಲ. ಹತ್ತನೇ ತರಗತಿಗೆ ಓದು ಮುಗಿಸಿ, ಮಡಿಕೇರಿಯ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿ ತಲೆ ನರೆಸಿಕೊಂಡವನು ನಾನು. ನಿವೃತ್ತಿಯಾದ ಮೇಲೂ, ಕೆಲಸಕ್ಕೆ ಜನ ಸಾಲದೆಂದು ಕರೆಸಿಕೊಂಡರು. ಜೊತೆಗೆ ಸೋಮಯ್ಯ ಎಂಬ ಹೊಸ ಅಟೆಂಡರನೂ ಬಂದ. ನನ್ನ ಸಂಕಟ ಅಲ್ಲಿಂದ ಶುರು.

ನಮ್ಮಲ್ಲಿ ಗ್ರಿನ್ಯಾರ್ಡ್ ಎಂಬ ಪ್ರಯೋಗವಿದೆ. ಪಾಠ ಹೇಳುವ ಮೇಡಂ ಪ್ರತಿಯೊಬ್ಬ ವಿದ್ಯಾರ್ಥಿಗೂ ಹೆಸರಿಲ್ಲದ ಎರಡು ಬಾಟಲಿ ಕೊಡುತ್ತಾರೆ. ಒಂದರಲ್ಲಿದ್ದದ್ದನ್ನು ಈಥರ್ ಮತ್ತು ಮೆಗ್ನೀಸಿಯಂ ಚೂರಿನ ಜೊತೆ ಸೇರಿಸಿದರೆ ಅದು ತಾನಾಗಿ ಕುದಿಯಬೇಕು. ಆಮೇಲೆ ಇನ್ನೊಂದನ್ನು ಹಾಕಿ, ಕೊನೆಗೆ ಸಿಕ್ಕ ಹರಳನ್ನು ಪರೀಕ್ಷಿಸಿ, ಬಾಟಲಿಗಳಲ್ಲಿ ಏನಿತ್ತೆಂದು ಹೇಳಬೇಕು. "ಬಂದದ್ದನ್ನು ನೋಡಿ ಹಾಕಿದ್ದನ್ನು ಹೇಳಿ" ಎನ್ನುವುದು ಮೇಡಂ ಮಾತು. ಫ್ಲಾಸ್ಕಿನಲ್ಲಿ ಚೂರು ತೇವ ಇದ್ದರೂ ಅದು ಕುದಿದು ಏಳುವುದೇ ಇಲ್ಲ. ಮಳೆ ಬಿಡದೆ ಸುರಿಯುವ ಕಕ್ಕಡ ತಿಂಗಳಲ್ಲಿ ನಮ್ಮೂರಿನ ಉಪ್ಪಿನ ಡಬ್ಬಿಯೇ ಅಳುತ್ತಿರುತ್ತದೆ, ಇನ್ನು ಫ್ಲಾಸ್ಕಿನ ಪಾಡೇನು? ಅದಕ್ಕೇ ಎಲ್ಲರಿಗೂ ಸೋಮಯ್ಯ ಒಣಗಿಸಿದ ಫ್ಲಾಸ್ಕೇ ಬೇಕು. ಅವನು ಅದನ್ನು ಓವನ್‌ನಿಂದ ತೆಗೆದು, ಬಾಯಿ ಮುಚ್ಚಿ, ಉಣ್ಣೆ ಶಾಲಿನಲ್ಲಿ ಹಸುಗೂಸಿನಂತೆ ಸುತ್ತಿ ತರುತ್ತಿದ್ದ. ಅದೇ ಓವನ್‌ನಲ್ಲಿ ನಾನೂ ಒಣಗಿಸುತ್ತಿದ್ದೆ. ಕೇಳುವವರಿರಲಿಲ್ಲ. ಮನೆಯಲ್ಲಿ ಹೇಳಿಕೊಂಡರೆ ನನ್ನ ಹೆಂಡತಿ, "ನೀವೂ ಒಂದು ಶಾಲು ತಗೊಂಡು ಹೋಗಿ" ಎಂದಳು.

ಈ ಸಲದ ಪರೀಕ್ಷೆಯ ಬೆಳಿಗ್ಗೆ, ಯಾರೂ ಇಲ್ಲದಾಗ, ಸೋಮಯ್ಯನ ಫ್ಲಾಸ್ಕೊಂದರ ಮುಚ್ಚಳ ತೆಗೆದು, ಕನ್ನಡಕ ಒರೆಸುವಾಗ ಊದುವ ಹಾಗೆ ಹಾ... ಎಂದು ಚೆನ್ನಾಗಿ ಊದಿ ಮುಚ್ಚಿಟ್ಟೆ. ಯಾವನಾದರೂ ತಲೆಹರಟೆ ಹುಡುಗನಿಗೆ ಅದು ಸಿಗಲಿ, ಅವನು ಸೋಮಯ್ಯನ ಮೇಲೆ ಕೂಗಾಡಲಿ ಎಂಬುದು ನನ್ನ ಹಂಚಿಕೆ. ಸಿಕ್ಕಿದ್ದು ರಮ್ಯಳಿಗೆ. ನಾಪೋಕ್ಲಿನಿಂದ ಮೊದಲ ಬಸ್ಸಿಗೆ ಬಂದು, ದಿನವೂ ನನ್ನ ಮೊಣಕಾಲಿನ ಸಮಾಚಾರ ವಿಚಾರಿಸುವವಳು ಅವಳೊಬ್ಬಳೇ.

ಉಳಿದವರದೆಲ್ಲ ಗುಳುಗುಳು ಕುದಿಯಿತು. ಅವಳದು ತೆಪ್ಪಗೆ ಕೂತಿತ್ತು. ಹರಳು ಬರದಿದ್ದರೆ ಅವಳು ಫೇಲು. "ಅಜ್ಜ, ನಂದು ಮಾತ್ರ ಏಳ್ತಾನೇ ಇಲ್ಲ" ಎಂದು ಫ್ಲಾಸ್ಕನ್ನು ನನ್ನ ಮುಂದೆ ಹಿಡಿದಳು. ಬಾಟಲಿಯಲ್ಲಿ ಇನ್ನೊಂದು ಸಲಕ್ಕಾಗುವಷ್ಟು ಉಳಿದಿತ್ತು. ಓಡಿಹೋಗಿ ನಾನು ಒಣಗಿಸಿದ ಫ್ಲಾಸ್ಕು ತಂದೆ. ಅವಳು ಅದನ್ನು ನೋಡಿ, "ಸೋಮಯ್ಯಣ್ಣಂದು ಇನ್ನೊಂದಿಲ್ವಾ?" ಎಂದಳು.

"ಇದು ಅವನದ್ದೇ ಮಗಳೇ" ಎಂದೆ. ಆ ಮಾತು ಆಡುವಾಗ ಆದ ಉರಿ ನನಗೇ ಗೊತ್ತು.

ಅದು ಎದ್ದಿತು. ಹರಳು ಬಂತು, ರಮ್ಯ ಎರಡು ಬಾಟಲಿಯ ಗುಟ್ಟನ್ನೂ ಸರಿಯಾಗಿ ಹೇಳಿದಳು, ಸೋಮಯ್ಯನ ಹತ್ತಿರ ಹೋಗಿ ಥ್ಯಾಂಕ್ಸ್ ಅಂದಳು. ಮೇಡಂ ಕೆಟ್ಟ ಫ್ಲಾಸ್ಕನ್ನು ಬೆಳಕಿಗೆ ಹಿಡಿದು, "ತೇವ ಇತ್ತು. ಇದು ನಮ್ಮ ಅಜ್ಜಂದೇ ಇರಬೇಕು" ಎಂದರು. ಬಂದದ್ದನ್ನು ನೋಡಿ ಹಾಕಿದ್ದನ್ನು ಹೇಳುವುದರಲ್ಲಿ ಅವರಿಗೆ ಸಮ ಇಲ್ಲ.

ಸಂಜೆ ಎಲ್ಲ ಒಪ್ಪಿಕೊಂಡುಬಿಡೋಣವೆಂದು ಸೋಮಯ್ಯನ ಬಳಿ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು, "ಬೇಜಾರು ಮಾಡ್ಕೋಬೇಡಿ ಅಣ್ಣ, ನಾಳೆಯಿಂದ ನಾನು ಹೇಳ್ಕೊಡ್ತೀನಿ" ಎಂದ. ಆಮೇಲೆ ಫ್ಲಾಸ್ಕಿಗೆ ಮುಚ್ಚಳ ಒತ್ತುತ್ತಾ, "ಮೊದಲನೇದು, ಇದರ ಬಾಯಿ ಹತ್ತಿರ ಉಸಿರು ಬಿಡಬಾರದು" ಎಂದ. ಮುಖದಲ್ಲಿ ನಗುವಿರಲಿಲ್ಲ.

ಅವನಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ತಿಳಿಯದು. ಗೊತ್ತಿದ್ದೂ ಅಷ್ಟಕ್ಕೇ ಬಿಟ್ಟಿದ್ದರೆ, ಅಷ್ಟು ದೊಡ್ಡ ಮನಸ್ಸು ಅವನಿಗೆಲ್ಲಿಂದ ಬಂತು? ಈಗ ಅದಕ್ಕೂ ನನಗೆ ಹೊಟ್ಟೆಕಿಚ್ಚು.