ಮಜಕೂರಿಗೆ ಯಾವ ಬಸ್ಸು?

ನಮ್ಮ ದೊಡ್ಡಪ್ಪನಿಗೆ ಬದುಕಿರುವವರಿಗಿಂತ ಸತ್ತವರ ಪರಿಚಯವೇ ಹೆಚ್ಚಾಗಿತ್ತು. ಮಾಟಮಂತ್ರದವರೇನೋ ಎಂದು ಹೆದರಬೇಡಿ! ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದ ಸಾಧು ಮನುಷ್ಯರು ಅವರು. ಮದುವೆಯಾಗಿರಲಿಲ್ಲ. ಸುಗಟೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ನಮ್ಮ ಜೊತೆಯಲ್ಲೇ ಇದ್ದರು. ಎದುರು ಮನೆಯ ಮಗುವಿನ ಹೆಸರೇನು ಎಂದು ಕೇಳಿದರೆ ತಲೆ ಕೆರೆದುಕೊಳ್ಳುವರು. ಅದೇ ಮಗುವಿನ ಮುತ್ತಾತನ ಅಪ್ಪನ ಹೆಸರು ಕೇಳಿ ನೋಡಿ! ಥಟ್ಟನೆ ಹೇಳಿ, ಅವನು ಯಾವ ಹೊಲ ಉಳುತ್ತಿದ್ದ, ಯಾರ ಜೊತೆ ಬದುವಿನ ಜಗಳ ತೆಗೆದಿದ್ದ ಎಂಬುದನ್ನೂ ಸೇರಿಸುವರು. ಎಲ್ಲವೂ ಹಳೇ ಕಂದಾಯದ ಪುಸ್ತಕಗಳಲ್ಲಿ, ಪಹಣಿಗಳಲ್ಲಿ ಓದಿ ತಿಳಿದದ್ದು.

ಎಪ್ಪತ್ತರ ದಶಕದ ಕೊನೆಯ ಮಾತಿದು. ನಾನು ದಿನಾ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಬಿ.ಎ. ಓದುತ್ತಿದ್ದೆ. ಮಾಲೂರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಬೇರೆಯವರ ಮನೆಯಲ್ಲಾದರೆ ಹುಡುಗ ಕುಡಿಯುತ್ತಾನೋ, ಇಸ್ಪೀಟು ಆಡುತ್ತಾನೋ ಎಂದು ವಿಚಾರಿಸುತ್ತಾರೆ. ನಮ್ಮ ದೊಡ್ಡಪ್ಪ ಹಿಂದಿನ ವಾರವೇ ಮಾಲೂರಿನ ತಾಲ್ಲೂಕು ಕಚೇರಿಗೆ ಹೋಗಿ ಹುಡುಗನ ಮುತ್ತಾತನನ್ನು ವಿಚಾರಿಸಿಕೊಂಡು ಬಂದಿದ್ದರು!

ಉಪ್ಪಿಟ್ಟು ಕಾಫಿ ಆದಮೇಲೆ ಹುಡುಗನ ತಂದೆಯನ್ನು ಕೇಳಿದರು, "ನಿಮ್ಮ ತಾತನ ಹೆಸರು ಚೌಡಪ್ಪ ಅಂತ ಅಲ್ವಾ?"

ಅವರಿಗೆ ಹಿಗ್ಗೋ ಹಿಗ್ಗು. "ಹೌದು ಸ್ವಾಮಿ! ನಿಮಗೆಂಗೆ ಗೊತ್ತು?"

"ಪಕ್ಕದ ಹೊಲದ ಗಡಿಕಲ್ಲು ತಾನಾಗೇ ಮೂರು ಮೊಳ ನಡ್ಕೊಂಡು ಬಂದಿತ್ತಲ್ಲ, ಆ ತಕರಾರಿನಲ್ಲಿ ಅವರ ಹೆಸರು ನೋಡ್ದೆ."

ಆ ಸಂಬಂಧ ಅಲ್ಲಿಗೇ ನಿಂತಿತು. ಅಪ್ಪ ಎರಡು ದಿನ ದೊಡ್ಡಪ್ಪನ ಜೊತೆ ಮಾತು ಬಿಟ್ಟರು. ನನ್ನ ಪರೀಕ್ಷೆ ಇನ್ನೂ ಬಾಕಿಯಿತ್ತಾದ್ದರಿಂದ ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ ಎಂಬುದನ್ನು ಈಗ ಧೈರ್ಯವಾಗಿ ಹೇಳಬಹುದು.

ಈ ಹುಚ್ಚು ಹಿಡಿದದ್ದು ಒಂದು ಪಿತೃಪಕ್ಷದ ದಿನ. ನಮ್ಮಲ್ಲಿ ಆ ಹಬ್ಬಕ್ಕೆ ಹಿರಿಯರಿಗೆ ಎಡೆ ಇಡುತ್ತೇವೆ. ಮುದ್ದೆ, ನಾಟಿಕೋಳಿ ಸಾರು, ವಡೆ, ಹೊಸ ಪಂಚೆ, ನಮ್ಮ ತಾತನಿಗೆ ಇಷ್ಟವೆಂದು ಒಂದು ಕಟ್ಟು ಬೀಡಿ. ಹೆಸರು ಹೇಳಿ ಹಿರಿಯರನ್ನು ಊಟಕ್ಕೆ ಕರೆದು, ಬಾಗಿಲು ಮುಂದೆಮಾಡಿ, ಅವರು ಬಂದು ಉಣ್ಣಲಿ ಎಂದು ಮನೆಮಂದಿಯೆಲ್ಲ ಹೊರಗೆ ಕಾಯುವುದು ಪದ್ಧತಿ. ಆ ವರ್ಷ ಅಪ್ಪ ತಮ್ಮ ಅಪ್ಪನ ಹೆಸರು ಹೇಳಿದರು, ತಾತನ ಹೆಸರು ಹೇಳಿದರು, ಮುಂದೆ ತೋಚದೆ "ಮತ್ತೆ ಎಲ್ಲಾ ಹಿರೀಕರು ಬನ್ರಪ್ಪಾ" ಎಂದು ಮುಗಿಸಿದರು.

ಹೊಸ್ತಿಲಾಚೆ ನಿಂತಿದ್ದ ದೊಡ್ಡಪ್ಪ ಗದರಿದರು. "ಲೇ, ಎಲ್ಲಾ ಅಂದ್ರೆ ಯಾರ್ಲಾ ಬರ್ತಾರೆ? ಊರಲ್ಲಿ ಮದುವೆಗೆ ಎಲ್ಲಾರೂ ಬನ್ನಿ ಅಂತ ಡಂಗೂರ ಹೊಡೆದ್ರೆ ನೀನು ಹೋಗ್ತೀಯಾ? ಮನೆ ಬಾಗಿಲಿಗೆ ಬಂದು ಹೆಸರಿಡಿದು ಕರೀಬೇಕು ಅಂತೀಯ ತಾನೆ?"

"ಹೆಸರು ಗೊತ್ತಿದ್ರೆ ಕರೀತಿದ್ದೆ ಕಣಣ್ಣ. ನಿಂಗೊತ್ತಾ?"

"ತಿಳ್ಕೊಂಡು ಬರ್ತೀನಿ" ಎಂದರು ದೊಡ್ಡಪ್ಪ, ಅಂಗಡಿಗೆ ಹೋಗಿ ಬೆಲ್ಲ ತರುವವರ ಹಾಗೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಹಿರಿಯಣ್ಣನಾದ ದೊಡ್ಡಪ್ಪ ಹೊಸ್ತಿಲಾಚೆ ಏಕೆ ನಿಂತಿದ್ದರು? ಅವರು ನಮ್ಮ ತಾತನಿಗೆ ಹುಟ್ಟಿದ ಮಗನಲ್ಲ. ಪ್ಲೇಗಿನ ವರ್ಷ ನಮ್ಮ ತಾತ ಎತ್ತು ತರಲು ಮುಳಬಾಗಿಲಿನ ಸಂತೆಗೆ ಹೋಗಿ, ಎತ್ತಿನ ಬದಲು ದಿಕ್ಕಿಲ್ಲದ ಮೂರು ವರ್ಷದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರಂತೆ. ಅಜ್ಜಿ "ಎತ್ತು ಎಲ್ಲಿ?" ಎಂದಳಂತೆ. "ಇದೇ" ಎಂದರಂತೆ ತಾತ. ನಮ್ಮಪ್ಪ ಹುಟ್ಟಿದ್ದು ಆಮೇಲೆ. ಮನೆಯಲ್ಲಿ ಯಾರೂ ಭೇದ ಮಾಡಲಿಲ್ಲ. ಊರಿನ ಬಾಯಿ ಸುಮ್ಮನಿರುತ್ತದೆಯೇ? ಬೆನ್ನ ಹಿಂದೆ ತೆಲುಗಿನಲ್ಲಿ 'ವಚ್ಚಿನೋಡು' ಎನ್ನುತ್ತಿದ್ದರು, ಎಲ್ಲಿಂದಲೋ ಬಂದವನು ಎಂದು. ತಾತ ತೀರಿಕೊಂಡ ವರ್ಷ, ಮೊದಲ ಎಡೆ ಇಡಲು ದೊಡ್ಡಪ್ಪ ಬಗ್ಗಿದಾಗ ನೆಂಟರ ಮುದುಕಿಯೊಬ್ಬಳು, "ವಚ್ಚಿನೋಡು ಇಟ್ರೆ ಹಿರೀಕರು ಮುಟ್ತಾರಾ?" ಎಂದುಬಿಟ್ಟಳಂತೆ. ದೊಡ್ಡಪ್ಪ ತಟ್ಟೆಯನ್ನು ತಮ್ಮನ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತವರು, ಅಂದಿನಿಂದ ಪ್ರತಿ ವರ್ಷವೂ ಅಲ್ಲೇ ನಿಂತರು. ಇಂಥವರು ನಮ್ಮ ವಂಶದವರ ಹೆಸರು ಹುಡುಕಲು ಹೊರಟರು. ಆ ವಂಶದಲ್ಲೇ ಹುಟ್ಟಿದ ನಾವು ಹಾಯಾಗಿ ವಡೆ ತಿಂದುಕೊಂಡು ಕೂತಿದ್ದೆವು!

ಕೋಲಾರದ ಕಚೇರಿಯಲ್ಲಿ ಹಳೇ ಕಡತ ನೋಡಿಕೊಳ್ಳುತ್ತಿದ್ದ ಗುಮಾಸ್ತರು ಒಳ್ಳೆಯವರು. ಮೊದಲ ದಿನ ಅವರು ಕೇಳಿದ್ದೂ ಇವರು ಹೇಳಿದ್ದೂ ಕಾಲೇಜಿಗೆ ಹೋಗುವ ದಾರಿಯಲ್ಲಿ ಜೊತೆಗಿದ್ದ ನಾನೇ ಕೇಳಿಸಿಕೊಂಡೆ.

"ಜಮೀನು ತಕರಾರಾ ಯಜಮಾನ್ರೇ?"

"ಇಲ್ಲ ಸ್ವಾಮಿ."

"ಅಣ್ಣತಮ್ಮಂದಿರ ಪಾಲು?"

"ಅಯ್ಯೋ, ಬಿಡ್ತು ಅನ್ನಿ!"

"ಮತ್ತೆ ಇವರೆಲ್ಲ ಯಾಕೆ ಬೇಕು ನಿಮಗೆ?"

"ಊಟಕ್ಕೆ ಕರೀಬೇಕು."

ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕಡತಗಳ ಒಂದು ಕಟ್ಟು ಇಳಿಸಿಕೊಟ್ಟರು.

ಹುಡುಕುವುದು ಸುಲಭವೇ? ನಮ್ಮ ಸೀಮೆಯಲ್ಲಿ ಯಾವ ಹೊಲದಲ್ಲಿ ನಿಂತು 'ಮುನಿಯಪ್ಪಾ' ಎಂದು ಕೂಗಿದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಮೇಲಾಗಿ ಮೊಮ್ಮಗನಿಗೆ ತಾತನ ಹೆಸರಿಡುವ ಚಟ ಬೇರೆ. ದಾಖಲೆಯಲ್ಲಿ 'ಬಿನ್' ಎಂದರೆ ಮಗ. ಮುನಿಯಪ್ಪ ಬಿನ್ ವೆಂಕಟಪ್ಪ, ಅದರ ಮೇಲೆ ವೆಂಕಟಪ್ಪ ಬಿನ್ ಮುನಿಯಪ್ಪ, ಅದರ ಮೇಲೆ ಮತ್ತೆ ಮುನಿಯಪ್ಪ ಬಿನ್ ವೆಂಕಟಪ್ಪ! ಯಾರು ಅಪ್ಪ, ಯಾರು ಮಗ? ದೊಡ್ಡಪ್ಪ ಒಬ್ಬೊಬ್ಬರಿಗೂ ಗುರುತು ಕೊಟ್ಟುಕೊಂಡರು: ಬಾವಿ ತೋಡಿಸಿದ ಮುನಿಯಪ್ಪ, ಜಗಳಗಂಟ ಮುನಿಯಪ್ಪ, ಹುಣಸೆಮರದ ವೆಂಕಟಪ್ಪ. ಸಂಜೆ ಮನೆಗೆ ಬಂದು, ಹುಳುವಿನ ತಟ್ಟೆಗೆ ಸೊಪ್ಪು ಹಾಕುತ್ತಾ ಆವತ್ತಿನ ಸಮಾಚಾರ ಹೇಳುವರು. "ಜಗಳಗಂಟ ಇವತ್ತು ಮತ್ತೆ ಸಿಕ್ಕಿದ್ದ ಕಣೋ."

"ಹೆಂಗವ್ನೆ?" ಎನ್ನುವರು ಅಪ್ಪ.

ನನ್ನ ಅಕ್ಷರ ದುಂಡಗಿದೆ ಎಂದು ಶುದ್ಧಪ್ರತಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ವರ್ಷದಲ್ಲಿ ಆರು ತಲೆಮಾರು ದೊರಕಿತು. ನಮ್ಮಮ್ಮ ಕೇಳಿದಳು, "ಭಾವಾ, ಹೆಂಗಸರಿಗೆ ಹಸಿವಾಗಲ್ವಾ?" ದೊಡ್ಡಪ್ಪ ನಾಲಿಗೆ ಕಚ್ಚಿಕೊಂಡು, ಮತ್ತೆ ಕಚೇರಿಗೆ ಓಡಿ, ಗಂಡ ಸತ್ತಮೇಲೆ ಒಬ್ಬಳೇ ಬೇಸಾಯ ಮಾಡಿದ ನಂಜಮ್ಮನೆಂಬ ಒಂದೇ ಒಂದು ಹೆಸರು ಹಿಡಿದುಕೊಂಡು ಬಂದರು. ಆವತ್ತು ಅವರ ಸಂತೋಷ ನೋಡಬೇಕಿತ್ತು!

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಒಂದು ಸಂಜೆ ಮಂಕಾಗಿ ಬಂದರು. ಹುಳುಮನೆಗೆ ನನ್ನನ್ನು ಕರೆದು, ಪೆನ್ಸಿಲಿನಲ್ಲಿ ಗೀಚಿಕೊಂಡು ಬಂದಿದ್ದ ಕಾಗದ ಕೊಟ್ಟರು. ನಮ್ಮ ತಾತ ಹೊಲವನ್ನು ಇಬ್ಬರು ಮಕ್ಕಳ ಹೆಸರಿಗೂ ಬರೆಸಿದಾಗ ಅಂದಿನ ಶಾನುಭೋಗರು ಮಾಡಿದ್ದ ದಾಖಲೆಯ ನಕಲು. ತಲೆಯಲ್ಲಿ ನಮ್ಮೂರಿನ ಹೆಸರು. ಕೆಳಗೆ ದೊಡ್ಡಪ್ಪನ ಹೆಸರು, ಬಿನ್, ತಾತನ ಹೆಸರು. ಅದರ ಮುಂದೆ 'ಸಾಕಿನ್ ಮಜಕೂರು'. ಅದರ ಕೆಳಗಿನ ಸಾಲಿನಲ್ಲಿ ಅಪ್ಪನ ಹೆಸರು, ಬಿನ್, ತಾತನ ಹೆಸರು, ಮುಂದೆ ಎರಡು ಗೀರು.

"ಓದಮ್ಮ" ಎಂದರು. ಓದಿದೆ.

"ಸಾಕಿದ್ದು ಅಂತ ಬರೆಸಿದ್ದಾನೆ. ಮಜಕೂರಿಂದ ತಂದು ಸಾಕಿದ್ದು. ಬಾಯಲ್ಲಿ ಒಂದು ದಿನ ಅಂದೋನಲ್ಲ ನಮ್ಮಪ್ಪ. ಕಾಗದದಲ್ಲಿ ಬರೆಸಿಬಿಟ್ಟವ್ನೆ ನೋಡು."

ಅಷ್ಟು ದಿನ ಹೆಸರು, ಬಿನ್ ಮಾತ್ರ ನೋಡಿ ಮುಂದಿನ ಸಾಲಿಗೆ ಹೋಗುತ್ತಿದ್ದ ಅವರು ಅದರಾಚೆಗಿನ ಮಾತನ್ನು ಗಮನಿಸಿದ್ದು ಅದೇ ಮೊದಲು. ಬಿ.ಎ. ಓದುತ್ತಿದ್ದ ನನಗೂ ಹಾಗೇ ಕಂಡಿತು! ಬೈರಕೂರು ಇರುವ ಸೀಮೆಯಲ್ಲಿ ಮಜಕೂರು ಇರಬಾರದೇ? ಆ ಗೀರುಗಳು ಶಾನುಭೋಗರ ಲೇಖನಿ ಜಾರಿದ್ದಿರಬೇಕು ಎಂದುಕೊಂಡು ಅವನ್ನೂ ಹಾಗೇ ಶುದ್ಧಪ್ರತಿಗೆ ಇಳಿಸಿದೆ. ಗುಮಾಸ್ತರನ್ನು ಕೇಳಿದ್ದರೆ ಒಂದು ನಿಮಿಷದ ಕೆಲಸ. ಆದರೆ ಆ ಒಂದು ಸಾಲನ್ನು ಇನ್ನೊಬ್ಬರಿಗೆ ತೋರಿಸಲು ದೊಡ್ಡಪ್ಪನಿಗೆ ನಾಚಿಕೆ. "ನಿಮ್ಮಪ್ಪನಿಗೂ ಹೇಳಬ್ಯಾಡ" ಎಂದು ಆಣೆ ಹಾಕಿಸಿಕೊಂಡರು. ನಾವು ಕರೆಯುವ ಹಿರಿಯರ ಹುಡುಕಾಟ ಅಲ್ಲಿಗೆ ನಿಂತು, ತಾವು ಹುಟ್ಟಿದ ಊರಿನ ಹುಡುಕಾಟ ಶುರುವಾಯಿತು.

ಮಜಕೂರಿಗೆ ಯಾವ ಬಸ್ಸು? ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಅವರು ಕೇಳದ ಕಂಡಕ್ಟರಿಲ್ಲ. ನಮ್ಮ ಕಡೆಯವರಿಗೆ ದಾರಿ ಕೇಳಿದರೆ 'ಗೊತ್ತಿಲ್ಲ' ಎನ್ನುವುದು ಮಹಾ ಅವಮಾನ! ಒಬ್ಬರು ಮಾಲೂರಿನ ಆಚೆ ಎಂದರು. ಹೋದರೆ ಇಟ್ಟಿಗೆಗೂಡು. ಇನ್ನೊಬ್ಬರು ಶ್ರೀನಿವಾಸಪುರದ ಮಾವಿನ ತೋಪು ದಾಟಿ ಎರಡು ಮೈಲಿ ಎಂದರು. ಬಿಸಿಲಲ್ಲಿ ನಡೆದು ಹೋಗಿ, ಗುಡಿಸಲ ಮುಂದೆ ಕೂತಿದ್ದ ಕಿವಿ ಮಂದವಾದ ಅಜ್ಜಿಯನ್ನು "ಮಜಕೂರು ಎಕ್ಕಡಮ್ಮಾ?" ಎಂದು, ಎಲ್ಲಮ್ಮಾ ಅಂತ ತೆಲುಗಿನಲ್ಲಿ ಕೇಳಿದರಂತೆ. "ಮಜ್ಜಿಗನಾ? ದಾನಿಕೇಂ ನಾಯನಾ, ಕೂಚೋ" ಎಂದು, ಅದಕ್ಕೇನಪ್ಪಾ ಕೂತ್ಕೋ ಅಂತ, ಆಕೆ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳಂತೆ. "ಊರು ಸಿಗಲಿಲ್ಲ, ಮಜ್ಜಿಗೆ ಚೆನ್ನಾಗಿತ್ತು" ಎಂದು ನಗುತ್ತಲೇ ಹೇಳಿದರು. ಆ ಚಳಿಗಾಲದಿಂದ ಬೇಸಿಗೆಯವರೆಗೆ ಅವರು ಎಷ್ಟು ಇಳಿದುಹೋದರೆಂದರೆ, ಮನೆಯಲ್ಲಿ ಅಮ್ಮ ಹೊಟ್ಟೆಹುಣ್ಣೇನೋ ಎಂದು ಕಷಾಯ ಕಾಸಿ ಕೊಡುತ್ತಿದ್ದಳು.

ಕೊನೆಗೆ ಮುಳಬಾಗಿಲಿನ ದಾರಿಯ ಕಂಡಕ್ಟರೊಬ್ಬ ಕನಿಕರಪಟ್ಟು, "ಸ್ವಾಮಿ, ಬೈರಕೂರಲ್ಲಿ ಒಬ್ಬ ಹಳೇ ಶಾನುಭೋಗ್ರು ಅವರೆ. ಹಾಳೂರುಗಳ ಹೆಸರೂ ಗೊತ್ತು ಅವರಿಗೆ, ಕೇಳಿ" ಎಂದ. ಭಾನುವಾರ ನಾನೂ ಜೊತೆಗೆ ಹೋದೆ.

ಜಗಲಿಯ ಮೇಲೆ ಕೂತಿದ್ದ ಶಾನುಭೋಗರಿಗೆ ಎಂಬತ್ತು ದಾಟಿರಬೇಕು. ದೊಡ್ಡಪ್ಪ ಊರಿನ ಹೆಸರು ಹೇಳಿದರು. ಮುದುಕರು ಹುಬ್ಬು ಗಂಟಿಕ್ಕಿದರು. "ಎಲ್ಲಿ, ಕಾಗದ ತೋರಿಸಿ." ದೊಡ್ಡಪ್ಪ ನನ್ನ ಮುಖ ನೋಡಿ, ಒಳಜೇಬಿನಿಂದ ನನ್ನ ಶುದ್ಧಪ್ರತಿ ತೆಗೆದು ಕೊಟ್ಟರು.

ಶಾನುಭೋಗರು ಓದಿದವರೇ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂದು, ಒಳಗಿನಿಂದ ಸೊಸೆ ನೀರು ತರಬೇಕಾಯಿತು!

"ಅಯ್ಯೋ ರಾಮ! ಮಜಕೂರು ಊರಲ್ಲ ಸ್ವಾಮಿ. ಮಜಕೂರು ಅಂದ್ರೆ 'ಮೇಲೆ ಹೇಳಿದ' ಅಂತ. ಮೇಲೆ ಯಾವ ಊರು ಬರೆದಿದೆ? ನಿಮ್ಮೂರೇ ತಾನೆ? ಸಾಲುಸಾಲಿಗೂ ಊರಿನ ಹೆಸರು ಬರೀತಾ ಕೂರೋಕೆ ನಮಗೇನು ಹುಚ್ಚಾ? ಮಜಕೂರು ಅಂತ ಬರೆದು ಮುಂದಕ್ಕೆ ಹೋಗ್ತಿದ್ವಿ."

ದೊಡ್ಡಪ್ಪ ಮತ್ತೆ ನನ್ನ ಕಡೆ ತಿರುಗಿದರು. ನಾನೇ ಕೇಳಿದೆ, "ಮತ್ತೆ ಸಾಕಿದ್ದು ಅಂತ ಇದೆಯಲ್ಲ ತಾತ?"

"ಸಾಕಿದ್ದೂ ಇಲ್ಲ, ಬೆಳೆಸಿದ್ದೂ ಇಲ್ಲಮ್ಮ! ಸಾಕಿನ್ ಅಂದ್ರೆ ವಾಸ. ಹಳೇ ದಫ್ತರದ ಮಾತು. ಕೆಳಗೆ ತಮ್ಮನ ಹೆಸರಿನ ಮುಂದೆ ಎರಡು ಗೀರು ಇದೆ ನೋಡು, ಅದು 'ಮೇಲಿನಂತೆ' ಅಂತ. ಅಣ್ಣನಿಗೇನೋ ತಮ್ಮನಿಗೂ ಅದೇ." ಆಮೇಲೆ ದೊಡ್ಡಪ್ಪನ ಕಡೆ ತಿರುಗಿದರು. "ನಿಮ್ಮಪ್ಪ ನಿಂತು ಹೇಳಿದ್ದನ್ನ ಆಗಿನ ಶಾನುಭೋಗ ಬರ್ಕೊಂಡಿದ್ದಾನೆ. ಇಬ್ಬರೂ ನನ್ನ ಮಕ್ಕಳು, ಇಬ್ಬರೂ ಈ ಊರಿನೋರು ಅಂತ. ಇಷ್ಟೇ ಇರೋದು. ಇದಕ್ಕೆ ಅಷ್ಟು ದೂರದಿಂದ ಬಂದ್ರಾ?"

ದೊಡ್ಡಪ್ಪ ಆ ಕಾಗದವನ್ನು ವಾಪಸು ಇಸಿದುಕೊಂಡು, ಅಕ್ಷರದ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಅರವತ್ತು ದಾಟಿದ ಮನುಷ್ಯ ಮುದುಕರ ಕಾಲಿಗೆ ಬಿದ್ದು ಎದ್ದರು. ನನಗೆ ನಗುವೂ ಬಂತು, ಅಳುವೂ ಬಂತು. ಚಳಿಗಾಲದಿಂದ ಬೇಸಿಗೆಯವರೆಗೆ ಬಸ್ಸು ಹತ್ತಿ ಇಳಿದು ಊರೂರು ತಿರುಗಿದವರಿಗೆ ಬೇಕಾದ ಉತ್ತರ ನಾನೇ ದುಂಡಗೆ ಬರೆದುಕೊಟ್ಟ ಕಾಗದದಲ್ಲಿತ್ತಲ್ಲ!

ವಾಪಸು ಹೋಗುವಾಗ ಅದೇ ಕಂಡಕ್ಟರು. "ಮಜಕೂರು ಸಿಕ್ತಾ ಸ್ವಾಮಿ?"

"ಸಿಕ್ತಪ್ಪ. ಕೋಲಾರದಲ್ಲಿ ಇಳ್ದು ಸುಗಟೂರು ಬಸ್ಸು ಹತ್ತಬೇಕು. ಎರಡು ಟಿಕೆಟ್ ಕೊಡು."

ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಅವರೇ ಹೇಳಿದರು. ಅಪ್ಪ ಎಂದಿನಂತೆ ಗೇಲಿ ಮಾಡುತ್ತಾರೆಂದು ನಾನು ಕಾದಿದ್ದೆ. ಮಾಡಲಿಲ್ಲ. "ಆ ಮುದುಕಿ ಹಂಗಂದಾಗ ನಾನು ಅವತ್ತೇ ಬಾಯಿ ಬಿಡಬೇಕಿತ್ತಣ್ಣ. ತಪ್ಪಾಯ್ತು" ಎಂದರು.

"ಬಿಡ್ಲಾ, ನೀನಿನ್ನೂ ಚಿಕ್ಕೋನು" ಎಂದರು ದೊಡ್ಡಪ್ಪ. ಆಗ ಅಪ್ಪನಿಗೆ ಐವತ್ತೈದು.

ಆ ವರ್ಷದ ಪಿತೃಪಕ್ಷದಲ್ಲಿ ದೊಡ್ಡಪ್ಪ ಅಭ್ಯಾಸಬಲದಿಂದ ಹೊಸ್ತಿಲಾಚೆಯೇ ಹೋಗಿ ನಿಂತರು. ಅಪ್ಪ ಎದ್ದು ಬಂದು, ಕೈಹಿಡಿದು ಒಳಗೆ ಕರೆತಂದು, ಕರ್ಪೂರದ ತಟ್ಟೆಯನ್ನು ಅವರ ಕೈಗಿಟ್ಟರು. ದೊಡ್ಡಪ್ಪ ನನ್ನ ಶುದ್ಧಪ್ರತಿ ಬಿಚ್ಚಿ ಒಬ್ಬೊಬ್ಬರನ್ನೇ ಕರೆದರು. ಬಾವಿ ತೋಡಿಸಿದ ಮುನಿಯಪ್ಪನನ್ನು ಕರೆದರು. ನಂಜಮ್ಮನನ್ನು ಕರೆದರು. "ನೀನೂ ಬಾರಪ್ಪ, ಜಗಳ ಮಾತ್ರ ಬ್ಯಾಡ" ಎಂದು ಜಗಳಗಂಟನನ್ನೂ ಕರೆದರು. ಕೊನೆಯ ಹೆಸರಿಗೆ ಬಂದಾಗ ಕಾಗದ ಮಡಿಸಿಬಿಟ್ಟರು.

"ಅಪ್ಪಾ, ಊಟಕ್ಕೆ ಬಾಪ್ಪಾ" ಎಂದರು.

ಬಾಗಿಲು ಮುಂದೆಮಾಡಿ ಎಲ್ಲರೂ ಹೊರಗೆ ನಿಂತೆವು. ಒಳಗಿನಿಂದ ಸಾಂಬ್ರಾಣಿಯ ಹೊಗೆ, ಕೋಳಿಸಾರಿನ ವಾಸನೆ. ಅಪ್ಪನಿಗೆ ತಡೆಯಲಾಗಲಿಲ್ಲ. ಮಗುವಿನ ಹಾಗೆ ಪಿಸುಗುಟ್ಟಿ ಕೇಳಿದರು, "ಬಂದಿರ್ತಾನೇನಣ್ಣಾ?"

ದೊಡ್ಡಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು.

"ಬರ್ದೆ ಇರ್ತಾನೇನ್ಲಾ? ಕರ್ದಿರೋದು ದೊಡ್ಡ ಮಗ ಅಲ್ವಾ!"