ಚಿಕ್ಕಪ್ಪನ ಮೂರು ನಿಮಿಷ

ತೀರ್ಥಹಳ್ಳಿಯಲ್ಲಿ ವಸ್ತು ಕಳೆದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರು. ಗಡಿಯಾರ ನೋಡಿಕೊಂಡು ಕಳೆದುಕೊಳ್ಳುವವರು ಮಾತ್ರ ನನ್ನ ಚಿಕ್ಕಪ್ಪ ಒಬ್ಬರೇ!

ಅವರು ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಒಂದು ಚೆಂಡನ್ನೂ ಹೊಡೆದವರಲ್ಲ, ಆದರೆ ನಿಯಮದ ಪುಸ್ತಕ ಬಾಯಿಪಾಠ. ಹೊಡೆದ ಚೆಂಡು ಕಾಣದಿದ್ದರೆ ಹುಡುಕಲು ಮೂರು ನಿಮಿಷ. ಅಷ್ಟರಲ್ಲಿ ಸಿಗಲಿಲ್ಲವೋ, ಕಳೆದುಹೋದಂತೆಯೇ. ನಾಲ್ಕನೇ ನಿಮಿಷಕ್ಕೆ ಕಾಲಿಗೇ ತಾಗಿದರೂ ಲೆಕ್ಕಕ್ಕಿಲ್ಲ. ಒಂದು ಹೊಡೆತದ ದಂಡ ಹೊತ್ತು, ಮೊದಲಿನ ಜಾಗಕ್ಕೇ ವಾಪಸು ಹೋಗಿ ಮತ್ತೆ ಹೊಡೆಯಬೇಕು. ನಿವೃತ್ತರಾಗಿ ಊರಿಗೆ ಬಂದವರು ಈ ಕಾನೂನನ್ನು ಮನೆಯ ಸಾಮಾನಿಗೆಲ್ಲ ಹಚ್ಚಿಬಿಟ್ಟರು.

ಒಮ್ಮೆ ಕನ್ನಡಕ ಕಾಣಲಿಲ್ಲ. ಮೂರು ನಿಮಿಷ ಮುಗಿದ ಮೇಲೆ ಚಿಕ್ಕಮ್ಮ, "ಅಯ್ಯೋ, ತಲೆ ಮೇಲೇ ಇದೆಯಲ್ರೀ!" ಎಂದರು.

"ಹತ್ತು ಸೆಕೆಂಡ್ ತಡ ಮಾಡಿದೆ ಮಾರಾಯ್ತಿ. ಈಗದು ನಂದಲ್ಲ" ಎಂದವರು, ತಲೆ ಮೇಲೆ ಕನ್ನಡಕ ಇಟ್ಟುಕೊಂಡೇ ಹೊಸದು ಮಾಡಿಸಲು ಪೇಟೆಗೆ ಹೊರಟರು!

ಚಿಕ್ಕಮ್ಮ ಏನು ಕಮ್ಮಿಯೇ? ಸಮಯ ಲೆಕ್ಕಕ್ಕೆ ಬರುವುದು ಹುಡುಕಲು ಶುರು ಮಾಡಿದ ಮೇಲೆ ಎಂಬುದನ್ನು ಗಂಡನ ಬಾಯಿಂದಲೇ ಹೊರಡಿಸಿದರು. ಅಂದಿನಿಂದ ಬೀಗದ ಕೈ ಕಾಣದಿದ್ದರೆ ಕಸಬರಿಗೆ ಹಿಡಿಯುತ್ತಾರೆ. "ನಾನೆಲ್ಲಿ ಹುಡುಕ್ತಿದೀನಿ? ಕಸ ಗುಡಿಸ್ತಿದೀನಿ."

ಹೊಸನಗರದ ಮದುವೆಯೊಂದರಲ್ಲಿ ಊಟ ಮುಗಿಸಿ ಹೊರಗೆ ಬಂದರೆ ಚಿಕ್ಕಪ್ಪನ ಚಪ್ಪಲಿ ಇಲ್ಲ. ಅವರೂ ನಾನೂ ಹುಡುಕಿದೆವು. ಮೂರು ನಿಮಿಷದ ಮೇಲೆ ತಿರುಗಿ ನೋಡಿದರೆ ಚಿಕ್ಕಪ್ಪನೇ ಮಾಯ! ಎಲ್ಲಿ ಸಿಕ್ಕರು ಅಂತೀರಿ? ಎರಡನೇ ಪಂಕ್ತಿಯಲ್ಲಿ, ಎಲೆಯ ಮುಂದೆ.

"ಮೊದಲಿನ ಜಾಗಕ್ಕೇ ಬಂದು ಮತ್ತೆ ಶುರು ಮಾಡ್ಬೇಕಲ್ಲ, ನಿಯಮ."

"ಮತ್ತೆ ದಂಡ?" ಎಂದೆ.

"ಈ ಸಲ ಒಂದು ಹೋಳಿಗೆ ಕಮ್ಮಿ ಹಾಕಿಸ್ಕೊಂಡೆ."

ಕಳೆದ ತಿಂಗಳು ಚಿಕ್ಕಮ್ಮನ ಮೂಗುಬೊಟ್ಟು ಹೋಯಿತು. ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುವಾಗ ಟವೆಲ್ಲಿನ ನೂಲಿಗೆ ಸಿಕ್ಕಿ ಹುಲ್ಲಿನೊಳಗೆಲ್ಲೋ ಹಾರಿತ್ತು. ಅವರ ಅಮ್ಮ ಕೊನೆಗಾಲದಲ್ಲಿ ತಮ್ಮ ಮೂಗಿನಿಂದಲೇ ಬಿಚ್ಚಿ ಕೊಟ್ಟದ್ದು. ಅಮ್ಮನದೆಂದು ಉಳಿದದ್ದು ಅದೊಂದೇ. ಅವತ್ತು ಸಾಗರದಿಂದ ನಾನು ಫೋನ್ ಮಾಡಿದಾಗ, "ಬಿಡು, ನಿಮ್ಮ ಚಿಕ್ಕಪ್ಪನ ಮೂರು ನಿಮಿಷ ಆಗೋಯ್ತಲ್ಲ" ಎಂದರು. ದನಿ ಒಡೆದಿತ್ತು. ಚಿಕ್ಕಪ್ಪನ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು.

ಮೂರನೇ ದಿನ ಬೈಯಲೆಂದೇ ಬಸ್ಸು ಹತ್ತಿ ಹೋದೆ. ಅಂಗಳ ಬೋಳೋ ಬೋಳು! ಒಂದು ಮೂಲೆ ಬಿಟ್ಟರೆ ಎಲ್ಲೂ ಗರಿಕೆ ಇಲ್ಲ. ಚಿಕ್ಕಮ್ಮನ ಸೇವಂತಿಗೆ ಗಿಡವೂ ಇಲ್ಲ. ಆ ಮೂಲೆಯಲ್ಲಿ ಚಿಕ್ಕಪ್ಪ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಹುಲ್ಲು ಕಿತ್ತು, ಬೇರಿನ ಮಣ್ಣನ್ನು ಬೆರಳಲ್ಲಿ ಉದುರಿಸಿ ನೋಡುತ್ತಿದ್ದರು. ಕೈಯಲ್ಲಿ ಗಡಿಯಾರವಿರಲಿಲ್ಲ.

"ಹುಡುಕ್ತಿದೀರಾ ಚಿಕ್ಕಪ್ಪ?"

"ಯಾರು ಹೇಳಿದ್ದು? ಹುಲ್ಲು ಕೀಳ್ತಿದೀನಿ."

ಬೈಗುಳವೆಲ್ಲ ಮರೆತುಹೋಯಿತು. ನಾನೂ ಪಕ್ಕದಲ್ಲಿ ಕೂತು ಕಿತ್ತೆ. ಸಂಜೆ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಅದು ಮಿಣುಕ್ಕನೆ ಹೊಳೆಯಿತು. ಚಿಕ್ಕಪ್ಪ ಪಂಚೆಯ ಅಂಚಿನಲ್ಲಿ ಒರೆಸಿ ಹೆಂಡತಿಯ ಅಂಗೈಗಿಟ್ಟರು.

ಚಿಕ್ಕಮ್ಮ ಕಣ್ಣೊರೆಸಿಕೊಂಡು, "ಮೂರು ದಿನ ತಡ ಆಯ್ತಲ್ರೀ. ಇದು ಲೆಕ್ಕಕ್ಕಿದೆಯಾ?" ಎಂದರು.

"ನಾನು ಹುಡುಕೋಕೆ ಶುರುವೇ ಮಾಡಿರ್ಲಿಲ್ವಲ್ಲೇ" ಎಂದರು ಚಿಕ್ಕಪ್ಪ. ಅವರ ಹತ್ತು ಬೆರಳ ಉಗುರಲ್ಲೂ ಮಣ್ಣಿತ್ತು.