ಕೈಗಡ ಹೋದ ಬೇರಿಂಗು

ಇವತ್ತು ನಾನು ಮಾಡಿದ ಕೆಲಸಗಳು ಇವು: ನಲ್ಲಿಗೆ ನೀರು ಬಂತೆಂದು ಎದ್ದು ಡ್ರಮ್ಮು ತುಂಬಿಸಿದೆ, ಮಿಕ್ಸರಿನ ಜಾರನ್ನು ರಿಪೇರಿಗೆ ಕೊಟ್ಟೆ, ಸ್ಕೂಟರಿಗೆ ಗಾಳಿ ಹಾಕಿಸಿದೆ, ಚೆನ್ನೈಗೆ ಒಂದು ದರಪಟ್ಟಿಯನ್ನೂ ರಾಯಪುರಕ್ಕೆ ಒಂದು ಕ್ಷಮಾಪಣೆಯನ್ನೂ ಕಳಿಸಿದೆ, ಹೆಂಡತಿ ಹೇಳಿದ ಅಡುಗೆ ಸೋಡಾ ಮರೆತು, ಹೇಳದ ಹಪ್ಪಳ ತಂದೆ, ಒಬ್ಬರ ಬೇರಿಂಗನ್ನು ಇನ್ನೊಬ್ಬರಿಗೆ ಕೊಟ್ಟೆ. ಕೊನೆಯದೊಂದನ್ನು ಬಿಟ್ಟರೆ ಉಳಿದ ಯಾವುದೂ ಯಾರ ನೌಕರಿಗೂ ಸಂಚಕಾರ ತರುವ ಕೆಲಸವಲ್ಲ.

ನನ್ನ ನೌಕರಿ ಎಂಥದೆಂದು ಹೇಳಿಬಿಡುತ್ತೇನೆ. ಜಮಖಂಡಿಯಲ್ಲಿ ನಮ್ಮದು ಕಾರ್ಖಾನೆ ಸಾಮಾನುಗಳ ಸಗಟು ಅಂಗಡಿ: ಬೇರಿಂಗು, ಬೆಲ್ಟು, ಚೈನು, ವಾಲ್ವು. ಬನಹಟ್ಟಿಯ ಮಗ್ಗದವರಿಂದ ಹಿಡಿದು ಬೀಳಗಿ ಕಡೆಯ ಸಕ್ಕರೆ ಕಾರ್ಖಾನೆಗಳವರೆಗೆ ಎಲ್ಲರೂ ನಮ್ಮಲ್ಲಿಗೆ ಬರುತ್ತಾರೆ. ಆದರೆ ಹಾಗೆ ಬರುವವರನ್ನು ನೋಡಿಕೊಳ್ಳುವುದು ನನ್ನ ಕೆಲಸವಲ್ಲ. ದೇಶದ ತುಂಬ ಕಾರ್ಖಾನೆಗಳಿದ್ದು, ಎಂದೂ ಅಂಗಡಿಗೆ ಬರದೆ, ಫೋನಿನಲ್ಲೇ ಸಿಟ್ಟಾಗುವ ದೊಡ್ಡ ಗಿರಾಕಿಗಳು ನನ್ನ ಪಾಲಿಗೆ. ನನ್ನ ಕಾರ್ಡಿನ ಮೇಲೆ ‘ನ್ಯಾಷನಲ್ ಅಕೌಂಟ್ಸ್ ಮ್ಯಾನೇಜರ್’ ಎಂದಿದೆ. ಇದೇನು ಕೆಲಸ ಎಂದು ಕೇಳಿದವರಿಗೆ ನಾನು ಹೇಳುವುದಿಷ್ಟೇ: ಗಂಡಿನ ಕಡೆಯ ಬೀಗರನ್ನು ಸಂಭಾಳಿಸುವ ಕೆಲಸ. ವ್ಯತ್ಯಾಸವೆಂದರೆ ಬೀಗರು ಮದುವೆ ಮುಗಿದ ಮೇಲೆ ಊರಿಗೆ ಹೋಗುತ್ತಾರೆ, ಇಲ್ಲಿ ಮದುವೆ ಪ್ರತಿ ವರ್ಷ ಹೊಸದಾಗಿ ನಡೆಯಬೇಕು.

ಇಂಥ ಬೀಗರಲ್ಲಿ ಎಲ್ಲಕ್ಕೂ ದೊಡ್ಡ ಮನೆತನದ್ದು ಪುಣೆಯ ಒಂದು ಕಂಪನಿ. ಅವರದೊಂದು ಸಕ್ಕರೆ ಕಾರ್ಖಾನೆ ಮುಧೋಳದ ಹತ್ತಿರ ಇದೆ. ಅಲ್ಲಿಗೆ ಅಡಚಣೆಯಾಗಬಾರದೆಂದು ಕೆಲವು ಭಾರಿ ಸಾಮಾನುಗಳನ್ನು ನಮ್ಮ ಗೋದಾಮಿನಲ್ಲೇ ಇರಿಸಿದ್ದಾರೆ. ಆ ರ‍್ಯಾಕಿಗೆ ಹಸಿರು ಪಟ್ಟಿ ಬಳಿದು ‘ಮೀಸಲು’ ಎಂದು ಬರೆಸಿದ್ದು ನಾನೇ. ಅವರ ಖರೀದಿ ವಿಭಾಗದ ಮುಖ್ಯಸ್ಥೆ ದೇಶಪಾಂಡೆ ಮೇಡಂ. ಈ ಸಲ ಒಪ್ಪಂದ ಮುಂದುವರಿಸುವುದೋ, ಎಲ್ಲವನ್ನೂ ನಾಗಪುರದ ಒಂದೇ ದೊಡ್ಡ ಉಗ್ರಾಣಕ್ಕೆ ಸಾಗಿಸುವುದೋ ಎಂದು ಅವರು ತೀರ್ಮಾನಿಸಬೇಕಿತ್ತು. ಸಾಗಿಸಿದರೆ ನಮ್ಮ ಮಾಲೀಕರು ಗೋದಾಮು ಮುಚ್ಚುವವರಿದ್ದರು. ಗೋದಾಮಿನಲ್ಲಿರುವವರು ಇಬ್ಬರೇ, ನಾನು ಮತ್ತು ಇಮಾಮಸಾಬ. ಇಬ್ಬರೂ ಹೊಸ ನೌಕರಿ ಹುಡುಕುವ ವಯಸ್ಸನ್ನು ದಾಟಿದವರು.

ಬೆಳಿಗ್ಗೆ ಬೀಳಗಿ ಕಡೆಯ ಬೇರೊಂದು ಸಕ್ಕರೆ ಕಾರ್ಖಾನೆಯ ಸ್ಟೋರಿನ ಮಲ್ಲಪ್ಪನ ಫೋನು ಬಂತು. ಕಬ್ಬು ಒಯ್ಯುವ ಪಟ್ಟಿಯ ಗೇರ್‌ಬಾಕ್ಸಿನಲ್ಲಿ ಬೇರಿಂಗು ಜಾಮಾಗಿ ದೊಡ್ಡ ಗಿರಣಿಯೇ ನಿಂತಿತ್ತು. ಬೆಳಗಾವಿಯಲ್ಲೂ ಹುಬ್ಬಳ್ಳಿಯಲ್ಲೂ ಆ ಅಳತೆಯದು ಸಿಕ್ಕಿರಲಿಲ್ಲ. ಸುತ್ತಮುತ್ತ ಬಿಡಿಯಾಗಿ ಇದ್ದದ್ದು ಒಂದೇ, ನನ್ನ ಹಸಿರು ಪಟ್ಟಿಯ ರ‍್ಯಾಕಿನಲ್ಲಿ.

“ಅಣ್ಣಾ, ಕಬ್ಬಿನ ಟ್ರ್ಯಾಕ್ಟರ್ ಹೊರಗಿನ ರೋಡಿಗೆ ಬಂದು ನಿಂತಾವ. ಡ್ರೈವರ್‌ಗೋಳು ನನ್ನ ಮಾರಿ ನೋಡಾಕತ್ತಾರ, ನಾನು ನಿನ್ನ ಮಾರಿ ನೆನಸಾಕತ್ತೇನಿ,” ಎಂದ. “ಕೈಗಡ ಕೊಡು. ನಮ್ಮದು ಬಂದ ಕೂಡಲೇ ನಿನ್ನ ಜಾಗಾದಾಗ ಇಡತೇನಿ.”

ಕೈಗಡ ಎಂಬುದು ನಮ್ಮ ಕಡೆ ಬರೀ ಹಣಕ್ಕೆ ಹೇಳುವ ಮಾತಲ್ಲ. ಹೆಪ್ಪಿಗೆ ಮಜ್ಜಿಗೆ, ಮದುವೆಗೆ ಜಮಖಾನೆ, ಹೊಲಕ್ಕೆ ಎತ್ತು ಎಲ್ಲವೂ ಕೈಗಡ ಓಡಾಡುತ್ತವೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಕಾರ್ಖಾನೆಗಳ ನಡುವೆಯೂ ಅಷ್ಟೇ. ಮಾಲೀಕರು ಕೋರ್ಟಿನಲ್ಲಿ ಎದುರುಬದುರಾಗಿದ್ದರೂ ಸ್ಟೋರಿನವರು ವಾಲ್ವು ಕೊಟ್ಟು ಪಂಪು ತರುತ್ತಾರೆ. ದೀಪ ಹಚ್ಚಿದ ಮೇಲೆ ಕೇಳಿದರೆ ಇಲ್ಲವೆನ್ನಲು ಒಂದು ನೆವವಾದರೂ ಇರುತ್ತದೆ. ಮಲ್ಲಪ್ಪ ಕೇಳಿದ್ದು ಬೆಳ್ಳಂಬೆಳಿಗ್ಗೆ. ಕೊಟ್ಟುಬಿಟ್ಟೆ. ಇದರಲ್ಲಿ ಪುಣೆಯವರನ್ನು ಕೇಳಬೇಕಿತ್ತೆಂಬ ವಿಚಾರ, ಮಲ್ಲಪ್ಪ ಕಳಿಸಿದವರೂ ಸೇರಿ ನಾಲ್ಕು ಜನ ಬೇರಿಂಗನ್ನು ಜೀಪಿಗೆ ಏರಿಸಿ, ಜೀಪು ತಿರುವು ದಾಟಿದ ಮೇಲೆ ಬಂತು.

ಮಧ್ಯಾಹ್ನ ಅಂಗಡಿಗೆ ಸಂದೇಶ ಬಂತು. ದೇಶಪಾಂಡೆ ಮೇಡಂ ಮುಧೋಳದ ಕಾರ್ಖಾನೆಗೆ ಬಂದಿದ್ದಾರೆ, ಮರಳುವಾಗ ನಮ್ಮ ಗೋದಾಮನ್ನೂ ನೋಡುತ್ತಾರೆ. ಗೋದಾಮಿಗೆ ಓಡಿದೆ. ರ‍್ಯಾಕಿನಲ್ಲಿ ಬೇರಿಂಗು ಕುಳಿತಿದ್ದ ಜಾಗದಲ್ಲಿ ದುಂಡನೆಯ ಧೂಳಿಲ್ಲದ ಗುರುತೊಂದು ಹುಣ್ಣಿಮೆ ಚಂದ್ರನಂತೆ ಹೊಳೆಯುತ್ತಿತ್ತು. ಇಮಾಮಸಾಬನಿಗೆ ಗಾಬರಿಯೆಂಬುದಿಲ್ಲ. ಅದರದೇ ಖಾಲಿ ಡಬ್ಬಿ ಇಟ್ಟರಾಯಿತು, ಪುಣೆಯ ಮಂದಿ ಹೆಸರು ಓದಿ ಹೋಗುತ್ತಾರೆ, ಎತ್ತಿ ನೋಡುವವರು ಯಾರು ಎಂದು ನನಗೆ ಧೈರ್ಯ ಹೇಳಿದ. ಬೇಡವೆನ್ನಬೇಕಿತ್ತು. ಟೇಪು ಹಚ್ಚಿಕೊಟ್ಟೆ.

ಮೇಡಂ ನನ್ನ ವಯಸ್ಸಿನವರೇ, ಸಾದಾ ಸೀರೆ, ಕಾಲಿಗೆ ಕಾರ್ಖಾನೆಯ ಬೂಟು. ಬಿಸಿಲಿಗೆ ಬಳಲಿದ್ದರೂ ಚಹಾ ನಂತರ ಎಂದರು. ಸಾಮಾನುಗಳನ್ನೆಲ್ಲ ನೋಡಿ, ಎಲ್ಲ ಸರಿಯಿದೆ, ಆ ದೊಡ್ಡ ಬೇರಿಂಗನ್ನೊಮ್ಮೆ ಕೆಳಗೆ ಇಳಿಸಿ ತೋರಿಸಿ ಎಂದು ಮರಾಠಿಯಲ್ಲಿ ಕೇಳಿದರು; ಕನ್ನಡ ಅವರಿಗೆ ತಿಳಿಯುತ್ತದೆ, ಆಡಲು ಬರುವುದಿಲ್ಲ. ನಾನು ಏನೋ ಅನ್ನುವಷ್ಟರಲ್ಲಿ ಇಮಾಮಸಾಬ ಮುಂದಾದ. ಸೊಂಟಕ್ಕೆ ಟವೆಲ್ಲು ಬಿಗಿದ, ಹಲ್ಲು ಕಚ್ಚಿದ, “ಯಾ ಅಲ್ಲಾ” ಎನ್ನುತ್ತ ಎತ್ತಿದ. ಹಣೆಯ ನರ ಕೂಡ ಉಬ್ಬಿತ್ತು, ನನಗೇ ಕ್ಷಣಕಾಲ ಒಳಗೆ ಬೇರಿಂಗಿದೆ ಅನ್ನಿಸಿತು. ಆಗ ಅವನ ಕಿಸೆಯಲ್ಲಿ ಫೋನು ರಿಂಗಾಯಿತು. ಅವನು ಅಭ್ಯಾಸಬಲದಿಂದ ಡಬ್ಬಿಯನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯಲ್ಲಿ ಫೋನು ತೆಗೆದು, “ಹಾಂ, ಹೇಳ್ರೀ” ಎಂದ.

ಮೇಡಂ ನಗಲಿಲ್ಲ. ಅದೇ ಕಷ್ಟವಾಯಿತು. ಸ್ಟೂಲಿನ ಮೇಲೆ ಕುಳಿತು ನನ್ನನ್ನು ನೋಡಿದರು. ನಾನು ಎಲ್ಲವನ್ನೂ ಹೇಳಿದೆ: ಗಿರಣಿ, ಟ್ರ್ಯಾಕ್ಟರುಗಳ ಸಾಲು, ಮಲ್ಲಪ್ಪ, ಡಬ್ಬಿ, ಟೇಪು. ನಡುವೆ ಹೆಪ್ಪಿನ ವಿಷಯವೂ ಬಂದುಹೋಯಿತು, ಯಾಕೆ ಬಂತೋ ಗೊತ್ತಿಲ್ಲ. ಅವರು ಎಲ್ಲವನ್ನೂ ಕೇಳಿ, ಈ ರಾತ್ರಿ ನಮ್ಮ ಮುಧೋಳದ ಮಷಿನ್ನು ನಿಂತರೆ ನಾನು ಏನು ಮಾಡಲಿ ಎಂದರು. ಮಲ್ಲಪ್ಪ ಕೊಡುತ್ತಾನೆ ಎಂದೆ. ಹಾಗಾದರೆ ಅವನಿಗೆ ಫೋನು ಹಚ್ಚಿ, ದನಿ ಎಲ್ಲರಿಗೂ ಕೇಳಲಿ, ನಾನಿದ್ದೇನೆಂದು ಹೇಳಬೇಡಿ ಎಂದರು.

ಮಲ್ಲಪ್ಪನ ಬಾಯಿ ಹೇಗೆಂದು ಬಲ್ಲ ನಾನು ಒಲ್ಲದ ಮನಸ್ಸಿನಿಂದ ಫೋನು ಹಚ್ಚಿದೆ. ಗದ್ದಲದ ನಡುವೆ ಅವನು ಎತ್ತಿದ. ಮುಧೋಳದವರ ಮಷಿನ್ನು ನಿಂತಿದೆ, ಅದೇ ಬೇರಿಂಗು ಬೇಕಂತೆ ಎಂದೆ.

“ಈಗರ ಹಾಕಿ ಬೋಲ್ಟ್ ಬಿಗದೇವಲ್ಲೋ ಮಾರಾಯಾ,” ಎಂದ. ಅತ್ತ ಯಾರನ್ನೋ ಕೂಗಿ ಏನೋ ಕೇಳಿ, ಮತ್ತೆ ಫೋನಿಗೆ ಬಂದ. “ಆತು, ತಡಿ. ಸಣ್ಣ ಗಿರಣಿ ಬಂದ್ ಮಾಡಿ ಅದರದು ಬಿಚ್ಚಿಸ್ತೇನಿ. ಅದೂ ಅದಽ ಅಳತಿ. ನಾವು ಅರ್ಧಾ ನಡಸ್ತೇವಿ, ಅವರೂ ನಡೀಲಿ. ಜೀಪ್ ಕಳಸ್ಲೇನು? ಮತ್ತ ಆ ಮುಧೋಳದವರಿಗೆ ಹೇಳು, ಹೋದ ಹಂಗಾಮಿನ್ಯಾಗ ಒಯ್ದ ನಮ್ಮ ಪಂಪ್ ಇನ್ನಾ ಅವರ ಹತ್ರನ ಐತಿ. ಅವಸರ ಇಲ್ಲ, ನೆನಪಿರಲಿ ಅಂತ ಅಂದೆ.”

ಬಿಚ್ಚಬೇಡ, ನಂತರ ಹೇಳುತ್ತೇನೆ ಎಂದು ಫೋನು ಇಟ್ಟೆ. ಮೇಡಂ ಹಣೆ ಒರೆಸಿಕೊಂಡರು. ಬೆಳಿಗ್ಗೆ ಮುಧೋಳದಲ್ಲಿ ತಮ್ಮ ಸ್ಟೋರಿನವರು ತೋರಿಸಿದ ಪಂಪೊಂದು ಯಾವ ಪಟ್ಟಿಯಲ್ಲೂ ಇರಲಿಲ್ಲವೆಂದೂ, ಅದು ಎಲ್ಲಿಂದ ಬಂತೆಂದು ಕೇಳಿದಾಗ ಎಲ್ಲರೂ ಛಾವಣಿ ನೋಡಿದರೆಂದೂ ಹೇಳಿದರು. ಇಷ್ಟು ರಾಜ್ಯಗಳಲ್ಲಿ ಕಾರ್ಖಾನೆಗಳಿದ್ದರೂ ಒಂದು ದಿನವೂ ನಿಲ್ಲದ್ದು ಮುಧೋಳದ್ದೊಂದೇ. ಯಾಕೆಂದು ಮೇಲಿನವರು ಕೇಳುತ್ತಲೇ ಇದ್ದರಂತೆ.

ಒಪ್ಪಂದ ಇನ್ನೊಂದು ವರ್ಷ ಇರಲಿ ಎಂದರು. ಇಮಾಮಸಾಬ ಚಹಾ ತರಲು ಓಡಿದ. ಆದರೆ ಶರತ್ತು ಎರಡು. ಖಾಲಿ ಡಬ್ಬಿ ಮತ್ತೆ ಕಂಡರೆ ಮರುದಿನವೇ ಲಾರಿ ನಾಗಪುರಕ್ಕೆ. ಮತ್ತು ಈ ಕೈಗಡದ ಪದ್ಧತಿಯನ್ನು ನಿಯಮಗಳ ರೂಪದಲ್ಲಿ ನಾನು ಬರೆದು ಕಳಿಸಬೇಕು, ಉಳಿದ ರಾಜ್ಯಗಳಲ್ಲೂ ಜಾರಿಗೆ ತರುತ್ತಾರಂತೆ.

ಸಂಜೆ ಅಡುಗೆಮನೆಯಲ್ಲೇ ಹಾಳೆ ಹಿಡಿದು ಕುಳಿತೆ. ಯಾರು ಕೇಳಬಹುದು, ಯಾರಿಗೆ ಇಲ್ಲ ಎನ್ನಬಹುದು, ಕೊಟ್ಟವನು ಎಷ್ಟು ದಿನ ಸುಮ್ಮನಿರಬೇಕು, ಯಾವಾಗಿನಿಂದ ನೆನಪಿಸಬಹುದು? ಹುಟ್ಟಿದಾಗಿನಿಂದ ಮಾಡುತ್ತ ಬಂದದ್ದನ್ನು ಬರೆಯಹೋದರೆ ಒಂದೂ ತಿಳಿಯುವುದಿಲ್ಲ. ಕೊನೆಗೆ ಮೊದಲನೆಯ ನಿಯಮ ಹೊಳೆಯಿತು: ‘ಒಯ್ದ ವಸ್ತುವನ್ನು ಕೆಲಸ ಮುಗಿದ ಮರುದಿನವೇ ಮರಳಿಸತಕ್ಕದ್ದು.’ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಗಿರಿಜಾಳಿಗೆ ಗತ್ತಿನಿಂದ ಓದಿ ಹೇಳಿದೆ.

“ಛಲೋ ಐತಿ,” ಎಂದಳು ತಿರುಗಿ ನೋಡದೆ. “ಹಂಗಾರ ಮಾಳಿಗಿ ಮ್ಯಾಲಿನ ಏಣಿ ನಾಳೆ ಕೊಟ್ಟು ಬರ್ರಿ. ಬಾಜೂ ಮನಿಯವರು ಕೇಳಾಕ ನಾಚಗೊಂಡು ಹೊಸಾದು ತಂದಾರ.”

ಹಾಳೆಯಲ್ಲಿ ‘ಮರುದಿನವೇ’ ಎಂಬುದನ್ನು ಹೊಡೆದುಹಾಕಿ ‘ಅನುಕೂಲ ನೋಡಿಕೊಂಡು’ ಎಂದು ತಿದ್ದಿದೆ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಉಂಡೆವು. ಎರಡನೆಯ ನಿಯಮವನ್ನು ಕೇಳುತ್ತ ಮೊದಲು ಮಲಗಿದವಳು ಗಿರಿಜಾ.